ಎಣ್ಣಿ ಹೆಚ್ಚಾಗೇತ್ರಿ

ತುಂಗಭದ್ರೆಯನ್ನು ದಾಟಿ ಮುಂಬಯಿ ಇಲಾಖೆಗೆ ಹೋಗಿಬಂದೆ ಎಂದರೆ ಮೈಸೂರಿನ ನಮ್ಮ ಬೀದಿಯ ಹೆಂಗಸರಿಗೆ ಅದು ಪರದೇಶವೇ. ಅಲ್ಲಿಯೂ ಕನ್ನಡ ಆಡುತ್ತಾರೆ ಎಂದರೆ ಅರ್ಧ ಜನ ನಂಬುವುದಿಲ್ಲ. ಆ ಕನ್ನಡ ಕೇಳಿದ ಹೊಸದರಲ್ಲಿ ನನಗೂ ಅನುಮಾನವೇ ಇತ್ತು. ಈಗ ಎಲ್ಲರೂ ಬಾದಾಮಿಯ ಗುಹೆಗಳ ವಿಷಯ ಬರೆಯಿರಿ ಎಂದು ದುಂಬಾಲು ಬಿದ್ದಿದ್ದಾರೆ. ಗುಹೆಗಳು ಎಲ್ಲಿಗೂ ಹೋಗುವುದಿಲ್ಲ, ಯಾರು ಯಾವಾಗ ಬೇಕಾದರೂ ಹೋಗಿ ನೋಡಬಹುದು. ನಾನು ನೋಡಬೇಕಾಗಿದ್ದದ್ದು ನನ್ನ ಅಕ್ಕನನ್ನು. ಬರೆದರೆ ಅದನ್ನೇ ಬರೆಯಬೇಕು, ಇಲ್ಲವಾದರೆ ಸುಮ್ಮನಿರಬೇಕು.

ಅಕ್ಕ ಗೌರಮ್ಮನನ್ನು ಹುಕ್ಕೇರಿಯ ಸಾಲಿ ಮಾಸ್ತರರಿಗೆ ಕೊಟ್ಟಾಗ ನನಗಿನ್ನೂ ಲಂಗ ಉಡುವ ವಯಸ್ಸು. ಅಮ್ಮ ಬೇಗ ತೀರಿಕೊಂಡದ್ದರಿಂದ ತಲೆ ಬಾಚಿದವಳು, ಬೈದವಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳು ಅವಳೇ. ದಸರೆಯ ಕೋರ್ಟು ರಜೆಯಲ್ಲಿ ನಮ್ಮ ಯಜಮಾನರು ತಮ್ಮ ಸಣ್ಣ ಇಂಗ್ಲಿಷ್ ಕಾರಿನಲ್ಲಿ ಬಾದಾಮಿ ತೋರಿಸುತ್ತೇನೆಂದು ಕರೆದುಕೊಂಡು ಹೊರಟರು. ಕೊನೆಗೆ ಹುಕ್ಕೇರಿಗೆ ಹೋಗಿ ಅಕ್ಕನ ಮನೆಯಲ್ಲಿ ನಿಧಾನವಾಗಿ ಇದ್ದು ಬರುವುದು ಎಂದು ಮಾತಾಗಿತ್ತು. ಬಾಗಲಕೋಟೆಯಲ್ಲಿ ಇವರ ಸ್ನೇಹಿತರ ಮನೆಗೆ ಭಾವನ ತಂತಿ ಬಂತು. ಅಕ್ಕನಿಗೆ ಲಕ್ವ ಹೊಡೆದಿದೆ, ಗುರುತು ಹಿಡಿಯುತ್ತಾಳೆ, ನಿನ್ನನ್ನೇ ಕೇಳುತ್ತಿದ್ದಾಳೆ, ಇನ್ನೊಂದು ಸಲ ಬಡಿದರೆ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ, ತಡಮಾಡಬೇಡ.

ಗುರುತು ಹಿಡಿಯುತ್ತಾಳೆ ಎಂಬ ಮಾತನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳಿಗೆ ಗುರುತಿರುವಾಗಲೇ ನಾನು ಅವಳ ಮುಂದೆ ನಿಲ್ಲಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಯಾದವಾಡದ ಹೊರಗೆ

ಲೋಕಾಪುರ ದಾಟುತ್ತಲೇ ಕಾರು ಹೊಗೆ ಬಿಡಲು ಶುರುಮಾಡಿತು. ಮೊದಲು ಅದು ರಸ್ತೆಯ ಧೂಳು ಎಂದುಕೊಂಡೆ. ಧೂಳು ನೀಲಿಯಾಗಿರುವುದಿಲ್ಲ. ಹಿಂದೆ ತಿರುಗಿ ನೋಡಿದರೆ ನಾವು ಬಂದ ದಾರಿಯೇ ಮುಚ್ಚಿಹೋಗಿತ್ತು, ಮೂಗಿಗೆ ಕರಿದ ಎಣ್ಣೆಯ ಕಮಟು ವಾಸನೆ. ಯಾದವಾಡದ ಹತ್ತಿರ ಹಳ್ಳವೊಂದನ್ನು ಇಳಿದು ಕೆಸರಿನಲ್ಲಿ ಸಿಕ್ಕಿಕೊಂಡಾಗ ದನ ಕಾಯುವವರೆಲ್ಲ ಸೇರಿ ನೂಕಿ ಮೇಲಕ್ಕೆ ಹತ್ತಿಸಿದರು. ಆಗ ಮುಂದಿನ ಹಲಗೆಯಲ್ಲಿ ಸ್ಟೇರಿಂಗಿನ ಹಿಂದೆ ಒಂದು ಚಿಕ್ಕ ಹಸಿರು ದೀಪ ಹತ್ತಿಕೊಂಡಿತು. ಆರಿತು. ಮತ್ತೆ ಹತ್ತಿತು.

"ಅದು ಹತ್ತಿದರೆ ಎಂಜಿನ್ನಿಗೆ ಎಣ್ಣೆ ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ," ಎಂದರು ಇವರು. ಮುಖ ಬಿಗಿದುಕೊಂಡಿತ್ತು.

ಕಾರು ನೂಕಿದ ಮುದುಕನೊಬ್ಬ ಕಿಟಕಿಯೊಳಗೆ ತಲೆ ಹಾಕಿ ನೋಡಿದ. "ರೈಲಿನಾಗ ಹಸರ ದೀಪ ತೋರ್ಸಿದ್ರ ಹೋಗು ಅಂತ ಅಲ್ಲೇನ್ರಿ? ಹೋಗ್ರಿ ಹಂಗಾರ," ಎಂದ.

ಹಿಂದಿನ ಸೀಟಿನ ಕೆಳಗೆ ಒಂದು ಡಬ್ಬಿ ಎಣ್ಣೆ ಇತ್ತು. ಇವರು ಅವಸರದಲ್ಲಿ ಅದನ್ನಷ್ಟೂ ಎಂಜಿನ್ನಿಗೆ ಸುರಿದರು. ಬಗ್ಗಿದಾಗ ಜೇಬಿನಲ್ಲಿದ್ದ ಕನ್ನಡಕ ಕೆಳಗೆ ಬಿತ್ತು, ಹಿಂದೆ ಸರಿಯುವಾಗ ಅದರ ಮೇಲೆಯೇ ಕಾಲಿಟ್ಟರು. ದೂರದ್ದು ನೋಡಲು ಇವರಿಗೆ ಕನ್ನಡಕ ಬೇಡ, ಹತ್ತಿರದ್ದೇನೂ ಅದಿಲ್ಲದೆ ಕಾಣುವುದಿಲ್ಲ. ದೀಪವಂತೂ ಆರಿತು. ಹೊಗೆ ಮಾತ್ರ ಇನ್ನೂ ದಟ್ಟವಾಯಿತು. ದಾರಿಯಲ್ಲಿ ಟಯರು ಪಂಕ್ಚರ್ ಆಯಿತು, ನೀರು ಕುದಿದು ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ಆ ದಿನವೇ ಹುಕ್ಕೇರಿ ಸೇರುತ್ತೇವೆಂದು ಹೊರಟವರು ಮೂಡಲಗಿ ತಲುಪುವಾಗ ಹೊತ್ತು ಮುಳುಗುತ್ತಿತ್ತು. ಹಸಿರು ದೀಪ ಮತ್ತೆ ಹತ್ತಿಕೊಂಡಿತ್ತು.

ಮೂಡಲಗಿ

ಕಾರು ನಿಂತದ್ದು ಒಂದು ಎಣ್ಣೆ ಅಂಗಡಿಯ ಮುಂದೆ. ಹಿಂದೆ ಗಾಣ, ಮುಂದೆ ಅಂಗಡಿ, ನಡುವೆ ಮನೆ. ಯಜಮಾನ ಬಸಲಿಂಗಪ್ಪ ಗಾಣಿಗೇರರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗದ್ದಿಗೆಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ಬಂದರು. ಆ ಸೀಮೆಯವರ ಮಾತು ಕೇಳಿದರೆ ಜಗಳಕ್ಕೆ ಬಂದರೇನೋ ಅನ್ನಿಸುತ್ತದೆ, ಅರ್ಥವಾಗುವ ಹೊತ್ತಿಗೆ ಕೈಗೆ ನೀರಿನ ತಂಬಿಗೆ ಬಂದಿರುತ್ತದೆ.

ಅವರ ಹೆಂಡತಿ ನೀಲವ್ವ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. "ಯಾವೂರ್ರಿ ಅಕ್ಕಾರ? ಯಾರ್ನ ನೋಡಾಕ ಹೊಂಟೀರಿ?"

ನಮ್ಮ ಕಡೆ ಅಪರಿಚಿತರನ್ನು ಹೀಗೆ ಎದುರಿಗೇ ಕೇಳುವುದಿಲ್ಲ, ಅವರು ಹೋದ ಮೇಲೆ ಪಕ್ಕದ ಮನೆಯಲ್ಲಿ ವಿಚಾರಿಸುತ್ತೇವೆ. ಅವರು ಕೇಳಿದ್ದೇ ತಡ, ನನಗೆ ಅಳು ಬಂತು. ಅಕ್ಕನ ವಿಷಯ ಹೇಳಿದೆ. ಅವರು ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ನನ್ನ ಬೆನ್ನ ಮೇಲೆ ಕೈಯಿಟ್ಟರು, ನನ್ನ ರವಿಕೆಗೆಲ್ಲ ಜೋಳದ ಹಿಟ್ಟಾಯಿತು.

"ನಸಿಕ್ಲೇ ಹೊಂಟ್ರ ಮಧ್ಯಾಹ್ನದಾಗ ಹುಕ್ಕೇರಿ ಮುಟ್ಟತೀರಿ. ಅಕ್ಕ ನಿಮ್ಮ ಹಾದೀನ ಕಾಯಾಕತ್ತಿರ್ತಾಳ," ಎಂದರು.

ಊಟದ ಹೊತ್ತಿಗೆ ಇವರು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಆ ದಿನವೆಲ್ಲ ನಾನು ನೋಡಿರದ ಗೆಲುವು ಮುಖದ ಮೇಲಿತ್ತು. "ಕಾಯಿಲೆ ಸಿಕ್ಕಿತು ಕಣೇ. ಎಣ್ಣೆ ಹೆಚ್ಚಾಗಿತ್ತು. ಬೆಳಿಗ್ಗೆ ನಾನೇ ಡಬ್ಬಿ ಪೂರ್ತಿ ಸುರಿದೆನಲ್ಲ. ಮಿತಿ ಮೀರಿದರೆ ಎಣ್ಣೆ ಮೇಲೆ ಹತ್ತಿ ಉರಿದು ಹೊಗೆಯಾಗುತ್ತೆ, ಕಾರಿನ ಪುಸ್ತಕದಲ್ಲೇ ಹಾಗಂತ ಇದೆ. ಕೆಳಗಿನ ತಿರುಪು ಬಿಚ್ಚಿ ಇಳಿಸಿದ್ದೀನಿ."

"ಎಷ್ಟು ಇಳಿಸಿದಿರಿ?"

"ಕತ್ತಲಲ್ಲಿ ಏನು ಕಾಣುತ್ತೆ? ಸಾಕು ಅನ್ನಿಸೋವಷ್ಟು."

ನನಗೆ ಎಂಜಿನ್ನಿನ ಗಂಧವಿಲ್ಲ. ಸುರಿದದ್ದು ನಾನೇ ಕಣ್ಣಾರೆ ಕಂಡಿದ್ದೆ, ಹೆಚ್ಚಾಗಿದ್ದರೂ ಇರಬಹುದು ಎಂದುಕೊಂಡೆ. ಅಂದು ನನಗೆ ನಿದ್ದೆಯೂ ಬಂತು, ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಬೆಳಿಗ್ಗೆ ಹೊರಡುವಾಗ ಬಸಲಿಂಗಪ್ಪನವರು ಕಾರಿನ ಹತ್ತಿರ ಬಂದು, "ಗೋಕಾಕ ಮುಟ್ಟಿದ ಕೂಡ್ಲೆ ಎಣ್ಣಿದು ನೋಡ್ರಿ ಸಾಹೇಬ್ರ. ಸಾವಕಾಶ ಹೊಡ್ಕೊಂಡು ಹೋಗ್ರಿ," ಎಂದರು.

"ನೋಡಿ ಆಯಿತು, ಎಲ್ಲ ಸರಿಹೋಯಿತು," ಎಂದು ಇವರು ಕೈಮುಗಿದರು.

ನಾಗನೂರಿನ ದಾರಿ

ಹೊಗೆ ನಿಂತುಹೋಗಿತ್ತು. ಇವರು ಮಾತಿಗೊಮ್ಮೆ ಹಿಂದೆ ತಿರುಗಿ ರಸ್ತೆ ನೋಡಿ, "ಕಂಡೆಯಾ?" ಎನ್ನುತ್ತಿದ್ದರು. ಎರಡೂ ಕಡೆ ಜೋಳದ ಹೊಲ, ಅದರ ನಡುವೆ ನೇರ ರಸ್ತೆ. ಇವರ ಬಾಯಲ್ಲಿ ಒಂದು ವಚನವೂ ಬಂತು, ರಾಗ ಮಾತ್ರ ಅದರದ್ದಲ್ಲ.

ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಹಿಂದಿನ ದಿನದ ಹಾಗೆ ಹತ್ತಿ ಆರುವುದಲ್ಲ, ಒಂದೇ ಸಮನೆ.

"ದೀಪ ಆರಿಲ್ಲವಲ್ಲ," ಎಂದೆ.

"ಹೊಗೆ ನಿಂತಿದೆ. ಅಂದಮೇಲೆ ದೀಪದ್ದೇ ತಪ್ಪು. ಹಳ್ಳದಲ್ಲಿ ನೆನೆದು ತಂತಿ ಕೆಟ್ಟಿರಬೇಕು."

"ನೆನ್ನೆ ದೀಪ ನಿಜ ಹೇಳಿತು ಅಂತಿದ್ದಿರಿ."

"ಸಾಕ್ಷಿ ಒಂದು ಸಲ ನಿಜ ಹೇಳಿದ ಅಂತ ಯಾವಾಗಲೂ ನಿಜ ಹೇಳೋಲ್ಲ," ಎಂದು ವಕೀಲಿ ಮಾತಾಡಿ, ನನ್ನ ಕಾಟ ತಪ್ಪಲೆಂದು ಕರವಸ್ತ್ರ ತೆಗೆದು ಅದರ ಮೇಲೆ ಸಿಕ್ಕಿಸಿದರು. ಬಟ್ಟೆಯ ಹಿಂದೆ ಅದು ಮಂಕಾಗಿ ಕಾಣುತ್ತಿತ್ತು. ನಾನು ಹೊಲದ ಕಡೆ ತಿರುಗಿ ಕುಳಿತೆ.

ನಾಗನೂರು ಇನ್ನೂ ಸ್ವಲ್ಪ ದೂರವಿತ್ತು. ಕಾರಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಕೇಳಿತು. ಇವರು ಕಾಲು ತೆಗೆಯುವುದರೊಳಗೆ ಸದ್ದು ಜೋರಾಯಿತು, ಕಾರು ಒಮ್ಮೆ ಕೀರಿ, ಮುಗ್ಗರಿಸಿ, ನಿಂತಿತು. ಇಳಿದು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರು. ಅದು ಅಲುಗಲಿಲ್ಲ. ಕಾಲಿಟ್ಟು ತುಳಿದರು. ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿತ್ತು.

"ನನಗೆ ಅರ್ಥವೇ ಆಗುತ್ತಿಲ್ಲ," ಎಂದು ರಸ್ತೆಯ ಅಂಚಿನಲ್ಲಿ ಕುಳಿತರು. "ಎಣ್ಣೆ ಹೆಚ್ಚಾಗಿದೆ ಅಂತ ನಾನೊಬ್ಬನೇ ಅಂದುಕೊಂಡದ್ದಲ್ಲ. ನನಗೆ ಕನ್ನಡಕ ಇಲ್ಲ, ಅಳತೆ ಕಡ್ಡಿಯ ಗುರುತು ಕಾಣದು. ಆ ಬಸಲಿಂಗಪ್ಪನವರ ಕೈಗೇ ಕಡ್ಡಿ ಕೊಟ್ಟೆ. ದಿನ ಬೆಳಗಾದರೆ ಎಣ್ಣೆ ಅಳೆಯೋ ಮನುಷ್ಯ. ಅವರೇ ನೋಡಿ ಹೇಳಿದ್ದು."

"ಏನಂತ ಹೇಳಿದರು? ಅವರ ಮಾತಲ್ಲೇ ಹೇಳಿ."

"ಎಣ್ಣಿ ಹೆಚ್ಚಾಗೇತ್ರಿ ಸಾಹೇಬ್ರ, ಅಂದರು."

"ಯಾವಾಗ?"

"ಸಂಜೆ. ಅಂಗಡಿಗೆ ದೀಪ ಹಚ್ಚುತ್ತಿದ್ದರು."

ನಾನು ಅಲ್ಲೇ, ಆ ಬಿಸಿಲಿನಲ್ಲಿ, ಕಾರಿನ ಮೆಟ್ಟಿಲ ಮೇಲೆ ಕುಳಿತೆ. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಲ್ಲಿ ಎಣ್ಣೆ ಇಲ್ಲ, ಅಕ್ಕಿ ಇಲ್ಲ ಎಂದು ಯಾವ ಗೃಹಸ್ಥನೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೆಚ್ಚಾಗಿದೆ ಎನ್ನುತ್ತಾರೆ. ನಮ್ಮ ಅತ್ತೆಯವರು ಡಬ್ಬಿಯ ತಳ ಕಂಡಾಗಲೆಲ್ಲ ಕುಂಕುಮ ಹೆಚ್ಚಾಗಿದೆ ಎಂದು ನನ್ನನ್ನು ಅಂಗಡಿಗೆ ಅಟ್ಟುತ್ತಿದ್ದರು. ಇವರು ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಅಡುಗೆಮನೆಯ ಹೊಸ್ತಿಲೊಳಗೆ ಊಟದ ಹೊತ್ತಿಗಲ್ಲದೆ ಕಾಲಿಟ್ಟವರಲ್ಲ, ಮನೆಯಲ್ಲಿ ಯಾವುದು ಮುಗಿದಿದೆ ಎಂದು ಒಮ್ಮೆಯೂ ಕೇಳಿದವರಲ್ಲ. ಎಣ್ಣೆ ವ್ಯಾಪಾರದ ಮನೆ, ಅದರಲ್ಲೂ ಸಂಜೆ. ಬಸಲಿಂಗಪ್ಪನವರು ಬೇರೆ ಹೇಗೆ ಹೇಳಬೇಕಿತ್ತು?

"ಎಣ್ಣೆ ಮುಗಿದಿದೆ ಅಂತ ಕಣ್ರೀ ಅವರು ಹೇಳಿದ್ದು," ಎಂದೆ. "ತಳದಲ್ಲಿ ಉಳಿದಿದ್ದದ್ದನ್ನೂ ನೀವು ನೆಲಕ್ಕೆ ಸುರಿದಿರಿ."

ಇವರು ನನ್ನ ಮುಖ ನೋಡಿದರು. ಬೇರೆ ದಿನವಾಗಿದ್ದರೆ ಎದುರುವಾದ ಮಾಡದೆ ಬಿಡುತ್ತಿರಲಿಲ್ಲ. ನನಗೆ ನಗು ಬಂತು, ನಗುತ್ತಾ ನಗುತ್ತಾ ಅದು ಅಳುವಾಗಿ ತಿರುಗಿತು, ನಿಲ್ಲಿಸಲಾಗಲಿಲ್ಲ. ಅಕ್ಕ ಅಲ್ಲಿ ಬಾಗಿಲ ಕಡೆ ಮುಖ ಮಾಡಿಕೊಂಡು ಮಲಗಿದ್ದಾಳೆ, ನಾನಿಲ್ಲಿ ಒಂದು ಮಾತಿನ ಅರ್ಥ ತಪ್ಪಿದ್ದಕ್ಕೆ ಜೋಳದ ಹೊಲದ ನಡುವೆ ಕುಳಿತಿದ್ದೇನೆ. ಯಾರನ್ನು ಬಯ್ಯಲಿ?

ಗೋಕಾಕ

ನಾಗನೂರಿನ ರೈತ ಯಲ್ಲಪ್ಪ ಹೊಲದಿಂದ ಬಂದು ವಿಷಯ ಕೇಳಿದ. ಹೆಚ್ಚು ಮಾತಿಲ್ಲದ ಮನುಷ್ಯ. ತನ್ನ ಎತ್ತುಗಳನ್ನು ತಂದು ಕಾರಿನ ಮುಂದಕ್ಕೆ ಹಗ್ಗ ಕಟ್ಟಿದ. ಕಾರನ್ನು ಇಲ್ಲೇ ಬಿಟ್ಟು ಎತ್ತಿನ ಚಕ್ಕಡಿಯಲ್ಲಿ ಹೋಗೋಣವೆಂದು ನಾನು ಹೇಳಿದೆ. ಗೋಕಾಕದಲ್ಲಿ ರಿಪೇರಿಯಾದರೆ ಇವತ್ತೇ ಹುಕ್ಕೇರಿಗೆ ಹೋಗಬಹುದು ಎಂದರು ಇವರು. ಅವರಿಗೂ ಆ ಆಸೆ ಬೇಕಾಗಿತ್ತು, ನಾನು ಬೇಡವೆನ್ನಲಿಲ್ಲ.

ಎತ್ತು ಎಳೆಯುವ ಮೋಟಾರಿನಲ್ಲಿ ಕುಳಿತು ಬಂದದ್ದನ್ನು ಕೇಳಿದವರು ನಗುತ್ತಾರೆ. ಎದುರಿಗೆ ಬಂದವರೂ ನಕ್ಕರು. ಹತ್ತಿರ ಬಂದು ನನ್ನ ಮುಖ ನೋಡಿ ಅವರ ನಗು ನಿಲ್ಲುತ್ತಿತ್ತು. "ಏನಾತ್ರಿ? ಊಟಾ ಆತೇನ್ರಿ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು.

ಗೋಕಾಕದಲ್ಲಿ ಊರೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರುಗಳು ನಿಲ್ಲುವ ಕಡೆ ಒಬ್ಬ ಫಿಟ್ಟರ್ ಇದ್ದ. ಕೆಳಗಿನ ತಿರುಪು ಬಿಚ್ಚಿದ. ಏನೂ ಬರಲಿಲ್ಲ. ಬೆರಳು ಹಾಕಿ ತೆಗೆದು ಇವರಿಗೆ ತೋರಿಸಿದ, ಬೆರಳಿನ ಮೇಲೆ ಹೊಳೆಯುವ ಲೋಹದ ಪುಡಿ ಇತ್ತು.

"ರಿಂಗ ಸವದಾವ್ರಿ. ಅದಕ್ಕ ಎಣ್ಣಿ ಮ್ಯಾಲ ಹತ್ತಿ ಉರದು ಹೊಗಿ ಆಗಿ ಹೋಗೇತಿ. ಆಮ್ಯಾಲೆ ಬೇರಿಂಗ ಸುಟ್ಟಾವ. ಇದನ್ನ ಇಲ್ಲೇ ಬಿಡ್ರಿ."

"ಎಷ್ಟು ಹೊತ್ತು ಬೇಕು?" ಎಂದು ಇವರು ಕೇಳಿದರು.

ಫಿಟ್ಟರ್ ಇವರನ್ನು ಕನಿಕರದಿಂದ ನೋಡಿದ. "ಹೊತ್ತಿನ ಲೆಕ್ಕ ಅಲ್ರಿ ಇದು. ಸಾಮಾನ ಮುಂಬೈದಿಂದ ಬರಬೇಕು."

ಹುಕ್ಕೇರಿಯ ಕಡೆಯ ಮೋಟಾರು ನಾವು ಬರುವ ಮೊದಲೇ ಹೊರಟುಹೋಗಿತ್ತು. ಇನ್ನು ಮರುದಿನ ಬೆಳಿಗ್ಗೆಯೇ. ಬೇರೆ ಗಾಡಿ ಸಿಗುವುದೇ ಎಂದು ಇವರು ಊರೆಲ್ಲ ಅಲೆದರು. ನಾನು ಟ್ರಂಕಿನ ಮೇಲೆ ಕುಳಿತು ಕಾಯುತ್ತಿದ್ದೆ. ಪಕ್ಕದ ಅಂಗಡಿಯವರು ಕರದಂಟು ತಂದು ಕೈಯಲ್ಲಿಟ್ಟರು. "ಫಾಲ್ಸ್ ಇಲ್ಲೇ ಬಾಜೂಕ ಐತ್ರಿ. ಹೆಂಗೂ ಉಳದೀರಿ, ನೋಡ್ಕೊಂಡು ಬರ್ರಿ," ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನೀರು ಬೀಳುವುದನ್ನು ನೋಡುವ ಕಣ್ಣು ನನಗೆ ಅಂದು ಇರಲಿಲ್ಲ. ಕರದಂಟನ್ನು ಬಾಯಿಗೆ ಹಾಕಿಕೊಂಡೆ, ನುಂಗಲು ಆಗಲಿಲ್ಲ, ಉಗುಳಿದರೆ ಅವರಿಗೆ ಬೇಸರವಾದೀತೆಂದು ದವಡೆಯಲ್ಲಿ ಇಟ್ಟುಕೊಂಡೇ ಕುಳಿತಿದ್ದೆ.

ಇವರು ಬರಿಗೈಯಲ್ಲಿ ಹಿಂತಿರುಗಿ ನನ್ನ ಪಕ್ಕದಲ್ಲಿ ನಿಂತರು. "ನನ್ನನ್ನು ಏನಾದರೂ ಅನ್ನು," ಎಂದರು. ನಾನು ಸರಿದು ಟ್ರಂಕಿನ ಮೇಲೆ ಅವರಿಗೂ ಜಾಗ ಮಾಡಿದೆ. ಸಾಯಂಕಾಲವಾಗುತ್ತಿತ್ತು. ಊರ ತುಂಬ ಒಂದೊಂದೇ ದೀಪ ಹತ್ತುತ್ತಿತ್ತು. ಆ ಹೊತ್ತಿಗೇ ನನಗೆ ಯಾಕೋ ಎದೆ ಭಾರವಾಯಿತು ಎಂದು ಬರೆಯಬಹುದು, ಅದು ಸುಳ್ಳಾಗುತ್ತದೆ. ನನಗೆ ಏನೂ ತಿಳಿಯಲಿಲ್ಲ. ನಾಳೆ ಈ ಹೊತ್ತಿಗೆ ಅವಳ ಹತ್ತಿರ ಇರುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ.

ಹುಕ್ಕೇರಿ

ಸರ್ವಿಸ್ ಮೋಟಾರು ಜನ ತುಂಬುವವರೆಗೆ ಹೊರಡಲಿಲ್ಲ. ತುಂಬಿದ ಮೇಲೆ ಇನ್ನಷ್ಟು ಜನರಿಗಾಗಿ ಕಾಯಿತು. ದಾರಿಯಲ್ಲಿ ಡ್ರೈವರು ಪರಿಚಯದವರು ಕಂಡಲ್ಲೆಲ್ಲ ನಿಲ್ಲಿಸಿ ಮನೆಯವರ ಕ್ಷೇಮ ವಿಚಾರಿಸಿದ. ಇನ್ನೊಂದು ಸಲ ಹೋದಾಗ ಇದೆಲ್ಲ ನನಗೆ ಚೆಂದ ಕಾಣಬಹುದು.

ಅಕ್ಕನ ಮನೆಯ ಬಾಗಿಲಲ್ಲಿ ಭಾವ ನಿಂತಿದ್ದರು. ಅವರ ಹಿಂದೆ ಅಳುವ ಸದ್ದಿರಲಿಲ್ಲ. ಅಕ್ಕ ಇದ್ದಾಳೆ ಎಂದುಕೊಂಡು ಅವರ ಕೈಯನ್ನೇ ಹಿಡಿದುಕೊಂಡೆ.

"ಬಂದ್ರೇನವಾ," ಎಂದರು. ಆಮೇಲೆ ದನಿ ತಗ್ಗಿಸಿದರು. "ನಿನ್ನೆ ಮಧ್ಯಾಹ್ನದ ಮಟಾ ಭಾಳ ಛಲೋ ಇದ್ಲು. ಎಬ್ಬಿಸಿ ಕುಂದರ್ಸಿಕೊಂಡ್ಲು, ತಲಿ ಬಾಚಿಸಿಕೊಂಡ್ಲು. ಮೋಟಾರಿನ ಸಪ್ಪಳ ಬಂತು ನೋಡ್ರಿ ಅಂತ ನನ್ನ ಎಷ್ಟು ಸರ್ತಿ ಹೊರಗ ಕಳಿಸಿದ್ಲೋ. ಸಂಜೀ ಮುಂದ ಮತ್ತೊಮ್ಮೆ ಬಡೀತು. ಜೀವ ಐತಿ, ಮಾತೂ ಆಡ್ತಾಳ. ಗುರುತು ಇಲ್ಲ. ನನ್ನೂ ಯಾರು ಅಂತ ಕೇಳಾಕತ್ಯಾಳ."

ಒಳಗೆ ಹೋದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿಕೊಂಡಿದ್ದಳು. ಮುಖದ ಒಂದು ಕಡೆ ಜಾರಿತ್ತು. ಹಾಸಿಗೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಇತ್ತು, ಅಲ್ಲಿ ಕುಳಿತು ಅವಳ ಕೈ ಹಿಡಿದೆ.

"ಅಕ್ಕ, ನಾನು ಬಂದೆ."

ಅವಳು ನನ್ನನ್ನು ನೋಡಿ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. "ಬರ್ರಿ," ಎಂದಳು, ತೊದಲುತ್ತಾ. "ಯಾವೂರಿಂದ ಬಂದ್ರಿ?"

ಗಂಡನ ಊರಿನ ಮಾತನ್ನು ಅವಳು ಆ ಊರಿನವರೊಡನೆ ಆಡುತ್ತಿದ್ದಳು. ನನ್ನೊಡನೆ ಒಂದು ದಿನವೂ ಆಡಿದವಳಲ್ಲ. ನನಗೆ 'ರೀ' ಎಂದವಳೂ ಅಲ್ಲ.

"ಮೈಸೂರಿಂದ ಅಕ್ಕ," ಎಂದೆ.

"ಭಾಳ ದೂರ ಆತ್ರಿ. ದಣದಿರಬೇಕು. ಚಾ ಕುಡೀರಿ." ಭಾವನ ಕಡೆ ತಿರುಗಿ, "ಅವರಿಗೆ ಚಾ ಕೊಡ್ರಿ," ಎಂದು ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸಂಕೋಚದಿಂದ ಹೊದಿಕೆಯನ್ನು ಬೆರಳಲ್ಲಿ ಎಳೆಯುತ್ತಿದ್ದಳು. ಬಂದವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಳು ಎಂದು ಕಾಣುತ್ತದೆ.

"ತಪ್ಪು ತಿಳೀಬ್ಯಾಡ್ರಿ," ಎಂದಳು. "ನೀವು ಸ್ವಲ್ಪ ಆ ಬಾಜೂ ಕೂಡ್ರಿ. ಇಲ್ಲಿ ನಮ್ಮ ತಂಗಿ ಬಂದು ಕೂಡ್ತಾಳ."

ಭಾವ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ತಲೆಯಾಡಿಸಿ, ಎದ್ದು ಗೋಡೆಯ ಹತ್ತಿರದ ಚಾಪೆಯ ಮೇಲೆ ಕುಳಿತೆ. ಅಕ್ಕ ನಾನು ಕುಳಿತು ಸುಕ್ಕಾಗಿದ್ದ ಹೊದಿಕೆಯನ್ನು ಆಡುವ ಕೈಯಿಂದ ಸವರಿ ಸರಿಮಾಡಿ, ಬಾಗಿಲ ಕಡೆ ನೋಡಿದಳು.